ಹಳೇ ಬಿಎಂಎಕ್ಸ್ ಸೈಕಲ್ ಗುರುತಿಸಿ ಖರೀದಿಸುವುದು ಹೇಗೆ?

ಮಣ್ಣಿನ ದಾರಿಯಲ್ಲಿ ರೇಸ್ ಓಡಿಸುವ ಚಿಕ್ಕ ಚಕ್ರದ ಸೈಕಲ್ಲಿಗೆ ಬಿಎಂಎಕ್ಸ್, ಅಂದರೆ ಬೈಸಿಕಲ್ ಮೋಟೊಕ್ರಾಸ್, ಅಂತ ಹೆಸರು. ಹಳೇ ಬಿಎಂಎಕ್ಸ್ ಸೈಕಲ್ ಸಂಗ್ರಹಕ್ಕೆ ಇಳಿದವರ ಕಣ್ಣು ಮೊದಲು ಹೋಗುವುದು ಬಣ್ಣದ ಮೇಲೆ, ಆಮೇಲೆ ಸ್ಟಿಕರ್ ಮೇಲೆ. ಎರಡನ್ನೂ ಸ್ವಲ್ಪ ಬದಿಗಿಡಿ. ಈ ಸೈಕಲ್ಲಿನ ಒಳ್ಳೊಳ್ಳೆ ಭಾಗಗಳೆಲ್ಲ ಹುಟ್ಟಿದ್ದು ಯಾರೋ ಹುಡುಗರು ಅದಕ್ಕೂ ಮೊದಲಿದ್ದ ಭಾಗವನ್ನು ಮುರಿದು ಮನೆಗೆ ತಂದದ್ದರಿಂದ. ಯಾವ ಕಾಲದಲ್ಲಿ ಏನು ಮುರಿಯುತ್ತಿತ್ತು ಅಂತ ತಿಳಿದರೆ ಎದುರಿಗಿರುವ ಸೈಕಲ್ಲಿನ ವಯಸ್ಸು ಅರ್ಧ ಗೊತ್ತಾದ ಹಾಗೆ.

ಮೊದಲು ಇತಿಹಾಸ

ಶ್ವಿನ್ ಕಂಪನಿ 1963ರಲ್ಲಿ ಸ್ಟಿಂಗ್-ರೇ ಅನ್ನುವ ಸೈಕಲ್ ತಂದಿತು. 20 ಇಂಚಿನ ಚಕ್ರ, ಎತ್ತರದ ಹ್ಯಾಂಡಲ್, ಉದ್ದನೆಯ ಬಾಳೆಹಣ್ಣಿನಾಕಾರದ ಸೀಟು. ಅದನ್ನು ರೂಪಿಸಿದವರು ಆಲ್ ಫ್ರಿಟ್ಜ್. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಆಗ ಮೋಟೊಕ್ರಾಸ್, ಅಂದರೆ ಮಣ್ಣಿನ ದಾರಿಯ ಮೋಟರ್ ಬೈಕ್ ರೇಸಿನ ಹುಚ್ಚು. ಬೈಕ್ ಓಡಿಸುವ ವಯಸ್ಸಾಗದ ಹುಡುಗರು ಇದೇ ಸೈಕಲ್ ಹತ್ತಿ ಮಣ್ಣಿನ ದಿಬ್ಬ ಹಾರಿದರು. 1969ರಲ್ಲಿ ಲಾಸ್ ಏಂಜಲಿಸ್‌ನ ಪಾಮ್ಸ್ ಪಾರ್ಕ್‌ನಲ್ಲಿ ರಾನ್ ಮ್ಯಾಕ್ಲರ್ ಅನ್ನುವ ಪಾರ್ಕ್ ಸಿಬ್ಬಂದಿ ಮಕ್ಕಳಿಗಾಗಿ ರೇಸ್ ಶುರು ಮಾಡಿದರು. 1970ರ ನವೆಂಬರ್ 14ರಂದು ಲಾಂಗ್ ಬೀಚ್‌ನ ಖಾಲಿ ಜಾಗವೊಂದರಲ್ಲಿ ಸ್ಕಾಟ್ ಬ್ರೈಟ್‌ಹಾಪ್ಟ್ ಇನ್ನೊಂದು ರೇಸ್ ನಡೆಸಿದ. ಆಗ ಅವನಿಗೆ ಬರೀ 13 ವರ್ಷ! ಬಹುಮಾನವಾಗಿ ಕೊಟ್ಟದ್ದು ಮೋಟರ್‌ಸೈಕಲ್ ರೇಸಿನಲ್ಲಿ ತಾನು ಗೆದ್ದಿದ್ದ ಟ್ರೋಫಿಗಳನ್ನು. ಒಂದು ಕ್ರೀಡೆಗೆ ಇದಕ್ಕಿಂತ ಚೆಂದದ ಆರಂಭ ನನಗಂತೂ ಗೊತ್ತಿಲ್ಲ.

ಆದರೆ ಸ್ಟಿಂಗ್-ರೇ ಮಾಡಿದ್ದು ಬೀದಿಯಲ್ಲಿ ಸುತ್ತಾಡುವುದಕ್ಕೆ. ಹಾರಿ ಇಳಿದರೆ ಮುಂದಿನ ಚಕ್ರ ಹಿಡಿಯುವ ಫೋರ್ಕ್ ಬಾಗುತ್ತಿತ್ತು, ಚಕ್ರದ ಕಡ್ಡಿಗಳು ಕಿತ್ತು ಬರುತ್ತಿದ್ದವು. ಆಗ ಅಪ್ಪಂದಿರು, ಗ್ಯಾರೇಜಿನವರು ಕೈಹಾಕಿದರು. ಸ್ಕಿಪ್ ಹೆಸ್ 1974ರಲ್ಲಿ ಸಿಮಿ ವ್ಯಾಲಿಯಲ್ಲಿ ಕಡ್ಡಿಗಳೇ ಇಲ್ಲದ, ಎರಕ ಹೊಯ್ದ ಮೋಟೋಮ್ಯಾಗ್ ಚಕ್ರ ತಂದರು. ಮಂಗೂಸ್ ಸೈಕಲ್ ಬಂದದ್ದು ಅವರದೇ ಕಂಪನಿಯಿಂದ. ಮೋಟರ್‌ಸೈಕಲ್ ಫ್ರೇಮ್ ಮಾಡುತ್ತಿದ್ದ ರೆಡ್‌ಲೈನ್‌ನ ಲಿನ್ ಕಾಸ್ಟನ್ ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ಕ್ರೋಮೋಲಿ ಉಕ್ಕಿನ ಕೊಳವೆಯಿಂದ ಫೋರ್ಕ್ ಮಾಡಿದರು, ಮುಂದೆ ಪೆಡಲ್ ಕೂರುವ ತೋಳು, ಅಂದರೆ ಕ್ರ್ಯಾಂಕ್ ಕೂಡ. ಗ್ಯಾರಿ ಟರ್ನರ್ ತಮ್ಮ ಮಗನಿಗಾಗಿ ಬೆಸೆದ ಫ್ರೇಮಿನಿಂದಲೇ ಮುಂದೆ ಜಿಟಿ ಕಂಪನಿ ಬೆಳೆಯಿತು. ಆ ಲಾಂಗ್ ಬೀಚ್ ಹುಡುಗ ಸ್ಕಾಟ್ 1977ರಲ್ಲಿ ಎಸ್‌ಇ ರೇಸಿಂಗ್ ಕಟ್ಟಿದ. ಪೆರಿ ಕ್ರೇಮರ್ ಅನ್ನುವ ಸವಾರನ ಹೆಸರಿನಲ್ಲಿ ಅದು ತಂದ ಅಲ್ಯೂಮಿನಿಯಂ ಪಿಕೆ ರಿಪ್ಪರ್‌ಗೆ ಇಂದಿಗೂ ಬೇಡಿಕೆ ಇದೆ.

ಒಂದು ಮೂಲೆ ಹಿಡಿದುಕೊಳ್ಳಿ

ಎಲ್ಲವನ್ನೂ ಕೂಡಿಸಲು ಹೋದರೆ ದುಡ್ಡೂ ಸಾಲದು, ಜಾಗವೂ ಸಾಲದು. 1974–78ರ ಗ್ಯಾರೇಜ್ ಕಾಲ, 1979–83ರ ರೇಸಿಂಗ್ ಕಾಲ, ಆಮೇಲಿನ ಫ್ರೀಸ್ಟೈಲ್ (ರೇಸಿನ ಬದಲು ಸೈಕಲ್ ಮೇಲೆ ಕಸರತ್ತು ಮಾಡುವ) ಕಾಲ ಅಂತ ಸುಮಾರಾಗಿ ಮೂರು ಭಾಗ ಮಾಡಿಕೊಳ್ಳಬಹುದು. ರೇಸ್ ಸೈಕಲ್ಲಿನ ನಂಬರ್ ಪ್ಲೇಟ್ ಮಾಡುತ್ತಾ ಶುರುಮಾಡಿದ ಬಾಬ್ ಹಾರೋ ಹೆಸರು ಮೂರನೆಯದಕ್ಕೆ ಸೇರಿದ್ದು. ಹೊಸಬರಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ. ಆ ಹೊತ್ತಿಗೆ ಕಾರ್ಖಾನೆಗಳು ದೊಡ್ಡದಾಗಿದ್ದವು, ಹಾಗಾಗಿ ಬಿಡಿಭಾಗ ಇನ್ನೂ ಸಿಗುತ್ತವೆ. ಬ್ರಿಟನ್‌ನಲ್ಲಿರುವವರಿಗೆ 1982ರ ರ‍್ಯಾಲಿ ಬರ್ನರ್ ಸೈಕಲ್ ಒಳ್ಳೆಯ ಆರಂಭ. ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮ ಕನ್ನಡದವರಿಗೆ ಇನ್ನೂ ಅನುಕೂಲ. ಈ ಸೈಕಲ್ಲುಗಳು ಹುಟ್ಟಿದ ಊರೇ ಅದು. ಶನಿವಾರದ ಗ್ಯಾರೇಜ್ ಸೇಲ್ ಸುಮ್ನೆ ಸುತ್ತಿ ಬನ್ನಿ.

ಫ್ರೇಮನ್ನು ಬೆರಳಿನಿಂದ ಓದಿ

ಇಲ್ಲಿ ಆತುರ ಬೇಡ. ಹ್ಯಾಂಡಲ್ ಕೂರುವ ಮುಂದಿನ ಗಿಡ್ಡ ಕೊಳವೆಯ ಹಿಂಬದಿ, ಅಂದರೆ ಮೇಲಿನ ಮತ್ತು ಕೆಳಗಿನ ಕೊಳವೆಗಳು ಬಂದು ಸೇರುವ ಜಾಗದ ಅಡಿಯಲ್ಲಿ ಬೆರಳಾಡಿಸಿ. ಉಬ್ಬು ಸಿಕ್ಕಿದರೆ ಅಥವಾ ಬಣ್ಣ ಸುಕ್ಕುಗಟ್ಟಿದ್ದರೆ ಸೈಕಲ್ ಯಾವಾಗಲೋ ಜೋರಾಗಿ ಗುದ್ದಿದೆ ಅಂತ ಅರ್ಥ. ಬೆಸುಗೆಗಳ ಅಂಚಿನಲ್ಲಿ ಕೂದಲೆಳೆಯ ಬಿರುಕು ಇದೆಯಾ ಅಂತ ಟಾರ್ಚ್ ಹಿಡಿದು ನೋಡಿ. ಫೋರ್ಕನ್ನು ಪಕ್ಕದಿಂದ ನೋಡಿದಾಗ ಹಿಂದಕ್ಕೆ ವಾಲಿರಬಾರದು. ಹೊಸದಾಗಿ ಬಣ್ಣ ಬಳಿದ ಫ್ರೇಮ್ ಕಂಡರೆ ಈ ಪರೀಕ್ಷೆಯನ್ನು ಎರಡು ಸಲ ಮಾಡಿ. ಬಿರುಕು ಮುಚ್ಚಲು ಬಣ್ಣಕ್ಕಿಂತ ಸುಲಭದ ದಾರಿ ಇಲ್ಲ.

ಆಮೇಲೆ ಸೀರಿಯಲ್ ನಂಬರ್. ಸಾಮಾನ್ಯವಾಗಿ ಕ್ರ್ಯಾಂಕ್ ಹಾದುಹೋಗುವ ಪೆಡಲ್ ಗೂಡಿನ ಕೆಳಗೋ, ಹಿಂದಿನ ಆಕ್ಸಲ್ ಕೂರುವ ತಟ್ಟೆಯ ಮೇಲೋ ಕೊರೆದಿರುತ್ತಾರೆ. ಅದನ್ನು ಅರದಿಂದ ಉಜ್ಜಿ ಅಳಿಸಿದ್ದರೆ ಸೈಕಲ್ ಎಷ್ಟೇ ಚೆಂದ ಇರಲಿ, ಕೈಬಿಡಿ. ಸ್ಟಿಕರ್ ನೋಡಿ ಮಾತ್ರ ಎಂದೂ ನಂಬಬೇಡಿ, ಹೊಸದಾಗಿ ಅಚ್ಚು ಹಾಕಿದವು ಬೇಕಾದಷ್ಟು ಸಿಗುತ್ತವೆ. 1982ರ ‘ಇ.ಟಿ.’ ಚಿತ್ರದಲ್ಲಿ ಹುಡುಗರು ಓಡಿಸಿದ್ದು ಜಪಾನಿನ ಕುವಹಾರಾ ಸೈಕಲ್. ಆ ಕೆಂಪು-ಬಿಳಿ ಬಣ್ಣ ಕಂಡ ತಕ್ಷಣ ಜಾಸ್ತಿ ದುಡ್ಡು ಕೊಡುವವರಿದ್ದಾರೆ. ಬಣ್ಣ ಯಾರು ಬೇಕಾದರೂ ಬಳಿಯಬಹುದು, ಅಲ್ವಾ?

ಬಿಡಿಭಾಗದ ಮೇಲಿನ ದಿನಾಂಕ

ಈ ಕೆಲಸ ನನಗೆ ತುಂಬಾ ಇಷ್ಟ. ಜಪಾನಿನ ಕಂಪನಿಗಳು ಭಾಗಗಳ ಮೇಲೆ ತಯಾರಿಕೆಯ ಗುರುತು ಒತ್ತುತ್ತಿದ್ದವು. ಹಳೇ ಶಿಮಾನೋ ಭಾಗಗಳಲ್ಲಿ ಎರಡು ಇಂಗ್ಲಿಷ್ ಅಕ್ಷರ ಇರುತ್ತವೆ. ಮೊದಲನೆಯದು ವರ್ಷ, ಎ ಅಂದರೆ 1976, ಬಿ ಅಂದರೆ 1977. ಎರಡನೆಯದು ತಿಂಗಳು, ಎ ಅಂದರೆ ಜನವರಿ. ಹಾಗಾಗಿ ‘ಜಿಸಿ’ ಅಂತ ಕಂಡರೆ ಅದು 1982ರ ಮಾರ್ಚ್. ಡಯಾ-ಕಾಂಪೆ ಬ್ರೇಕಿನ ತೋಳಿನ ಹಿಂಬದಿಯಲ್ಲಿ ನಾಲ್ಕು ಅಂಕಿ ಸಿಕ್ಕಬಹುದು, ತಿಂಗಳು ಮತ್ತು ವರ್ಷ. ಚಕ್ರದ ನಡುವಿನ ಹಬ್, ಬ್ರೇಕ್, ಪೆಡಲ್ ಮೂರೂ ಕೆಲವು ತಿಂಗಳ ಅಂತರದಲ್ಲಿದ್ದರೆ ಸೈಕಲ್ ಅಂಗಡಿಯಿಂದ ಬಂದ ಹಾಗೇ ಇದೆ ಅಂತ ನಂಬಬಹುದು.

ಬಿಚ್ಚುವಾಗ

ಮೊದಲು ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ. ಸೀಟಿನ ಕಂಬ ಕಚ್ಚಿಕೊಂಡಿದ್ದರೆ ಸಡಿಲಿಸುವ ಎಣ್ಣೆ ಬಿಟ್ಟು ಒಂದೆರಡು ದಿನ ಕಾಯಿರಿ, ಸುತ್ತಿಗೆ ಎತ್ತಬೇಡಿ. ಒಂದೇ ಸರಳಿನಿಂದ ಬಗ್ಗಿಸಿ ಮಾಡಿದ ಕ್ರ್ಯಾಂಕ್ ಇದ್ದರೆ ಎಡಗಡೆಯ ಪೆಡಲ್ ಮತ್ತು ನಟ್ಟು ಎರಡಕ್ಕೂ ಉಲ್ಟಾ ಥ್ರೆಡ್, ಗಡಿಯಾರ ತಿರುಗುವ ಕಡೆಗೇ ತಿರುಗಿಸಿದರೆ ಬಿಚ್ಚುತ್ತದೆ. ಆಮೇಲೆ ಕ್ರ್ಯಾಂಕನ್ನು ಬಲಗಡೆಯಿಂದ ಹೊರಗೆಳೆಯಬೇಕು. ಬದಲಿ ಭಾಗ ತರುವಾಗ ಅಳತೆ ನೋಡಿ. ಹ್ಯಾಂಡಲ್ ಹಿಡಿಯುವ ಸ್ಟೆಮ್ ಮಾಮೂಲಿ ಸೈಕಲ್ಲಿನಲ್ಲಿ 22.2 ಮಿ.ಮೀ., ಇದರಲ್ಲಿ ಹೆಚ್ಚಾಗಿ 21.1. ಒಂದೇ ಸರಳಿನ ಕ್ರ್ಯಾಂಕಿಗೆ ಅರ್ಧ ಇಂಚಿನ ಪೆಡಲ್, ಮೂರು ತುಂಡಿನದಕ್ಕೆ 9/16 ಇಂಚಿನದು.

ತೊಳೆಯುವುದು

ಕ್ರೋಮ್ ಮೇಲಿನ ತುಕ್ಕಿಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಉಂಡೆ ಮಾಡಿ, ನೀರಿನಲ್ಲಿ ಅದ್ದಿ, ಮೆಲ್ಲಗೆ ಉಜ್ಜಿ. ಅದು ಕ್ರೋಮಿಗಿಂತ ಮೆತ್ತಗಿರುವುದರಿಂದ ಗೀರಾಗುವ ಭಯ ಕಡಿಮೆ. ತುಕ್ಕು ಜಾಸ್ತಿ ಇದ್ದರೆ ಆಕ್ಸಾಲಿಕ್ ಆಸಿಡ್ ನೀರಿನಲ್ಲಿ ನೆನೆಸುತ್ತಾರೆ. ಅದು ವಿಷ. ಕೈಗವಸು ಹಾಕಿಕೊಳ್ಳಿ, ಮಕ್ಕಳನ್ನು ದೂರವಿಡಿ, ಕೊನೆಗೆ ಸೋಡಾಪುಡಿ ನೀರಿನಲ್ಲಿ ತೊಳೆಯಿರಿ. ಬಣ್ಣ ಹಾಕಿದ ಅಲ್ಯೂಮಿನಿಯಂ ಭಾಗಗಳನ್ನು ಆ ಆಸಿಡ್ ನೀರಿನೊಳಗೆ ಇಳಿಸಲೇಬೇಡಿ, ಬಣ್ಣ ಎದ್ದು ಹೋಗುತ್ತದೆ.

ಹಳೇ ಬಣ್ಣ, ಅರ್ಧ ಹರಿದ ಸ್ಟಿಕರ್ ಎರಡನ್ನೂ ಇದ್ದ ಹಾಗೇ ಬಿಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮತ್ತೆ ಬಣ್ಣ ಬಳಿಯುವುದು ಯಾವಾಗ ಬೇಕಾದರೂ ಆಗುತ್ತದೆ. ಕಾರ್ಖಾನೆಯ ಬಣ್ಣ ಒಮ್ಮೆ ಕೆರೆದರೆ ಮುಗಿಯಿತು. ಓಡಿಸಬೇಕು ಅನಿಸಿದರೆ ಹಳೇ ಟೈರು, ಗ್ರಿಪ್ ಬಿಚ್ಚಿ ಹೊಸದು ಹಾಕಿ ಓಡಿಸಿ. ಬಿಚ್ಚಿದ್ದನ್ನು ಹೆಸರು ಬರೆದ ಚೀಲದಲ್ಲಿ ಹಾಕಿ ಬಿಸಿಲು ಬೀಳದ ಕಡೆ ಇಡಿ. ಮುಂದೆ ಯಾರಿಗಾದರೂ ಮಾರುವಾಗ ಆ ಚೀಲವನ್ನೂ ಸೈಕಲ್ ಜೊತೆಗೇ ಕೊಡಿ.