‘ಪೀಸ್’ ಪದವನ್ನು ನಾನು ಕಲಿಸುವ ಬಗೆ

ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ನನಗೆ, ಮಕ್ಕಳು ‘ಪೀಸ್’ ಎಂದರೆ ಶಾಂತಿ ಎಂದು ಉರುಹೊಡೆದು ಬರುವುದಷ್ಟೇ ಎಂದೂ ಸಾಕೆನಿಸಿಲ್ಲ. ಅರ್ಥವೇನೋ ಸರಿಯೇ, ಆದರೆ ಅದೊಂದನ್ನೇ ನೆಚ್ಚಿಕೊಂಡು ಅವರು ವಾಕ್ಯ ರಚಿಸಲಾರರು. ಆದ್ದರಿಂದ ಆ ಪದವನ್ನು ಅದರ ಒಡನಾಡಿ ಪದಗಳ ಜೊತೆಗೇ ಹಲಗೆಯ ಮೇಲೆ ಬರೆಯುತ್ತೇನೆ.

ಮೊದಲು ಬರೆಯುವುದು ‘ಪೀಸ್ ಆಫ್ ಮೈಂಡ್’. ‘ಮೈಂಡ್ ಪೀಸೇ ಇಲ್ಲ’ ಎಂಬ ಮಾತನ್ನು ಮಕ್ಕಳು ಕೇಳಿರುವುದರಿಂದ, ಇಂಗ್ಲಿಷಿನಲ್ಲಿ ಪದಗಳ ಕ್ರಮ ಬೇರೆ ಎಂಬುದನ್ನು ಅಲ್ಲಿಯೇ ತೋರಿಸಿ, ಕನ್ನಡದ ‘ನೆಮ್ಮದಿ’ ಇದಕ್ಕೆ ‘ಶಾಂತಿ’ಗಿಂತ ಹತ್ತಿರ ಎನ್ನುತ್ತೇನೆ. ಮುನಿಸಿಕೊಂಡ ಗೆಳತಿಯರು ರಾಜಿಯಾದರೆ ಅದು ‘ಮೇಕ್ ಪೀಸ್’. ಕಾಟ ಕೊಡದೆ ಓದಲು ಬಿಡಿ ಎನ್ನುವಾಗ ‘ಇನ್ ಪೀಸ್’. ಎರಡು ದೇಶಗಳ ನಡುವೆ ಯುದ್ಧವಿಲ್ಲದಿದ್ದರೆ ‘ಅಟ್ ಪೀಸ್’.

ಹೆಚ್ಚು ಹೊತ್ತು ನಿಲ್ಲುವುದು ‘ಬ್ರೀಚ್ ಆಫ್ ದ ಪೀಸ್’ ಎಂಬಲ್ಲಿ. ಬೈಗುಳದ ಜಗಳ ಠಾಣೆಯ ಮೆಟ್ಟಿಲೇರಿದಾಗ ಕೇಳಿಬರುತ್ತಿದ್ದ ಭಾರತೀಯ ದಂಡ ಸಂಹಿತೆಯ 504ನೇ ಕಲಂ, ಶಾಂತಿಭಂಗಕ್ಕೆ ಪ್ರಚೋದಿಸುವ ಉದ್ದೇಶಪೂರ್ವಕ ಅವಮಾನವನ್ನು ಕುರಿತದ್ದು; 2024ರ ಜುಲೈ 1ರಿಂದ ಅದೇ ಅಪರಾಧ ಭಾರತೀಯ ನ್ಯಾಯ ಸಂಹಿತೆಯ 352ನೇ ಕಲಮಿನಲ್ಲಿದೆ. ಇಲ್ಲಿ ಪೀಸ್ ಒಬ್ಬರ ಮನಸ್ಸಿಗೆ ಸೇರಿದ್ದಲ್ಲ, ಬೀದಿಗೆ ಮತ್ತು ಊರಿಗೆ ಸೇರಿದ್ದು. ಪದದ ಈ ಸಾರ್ವಜನಿಕ ಮುಖವನ್ನು ಪಠ್ಯದ ಪದಾರ್ಥಪಟ್ಟಿ ಹೇಳುವುದಿಲ್ಲವಾದ್ದರಿಂದ, ಇದನ್ನು ಕಲಿಸದೆ ಬಿಡಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಬ್ಲೌಸ್ ಪೀಸಿನ ‘ಪೀಸ್’ ಉಚ್ಚಾರಣೆಯಲ್ಲಿ ಇದೇ ಆಗಿದ್ದರೂ ಕಾಗುಣಿತ ಬೇರೆ, ಮೂಲವೂ ಬೇರೆ. ಬಟ್ಟೆಯ ತುಂಡುಗಳನ್ನು ಎಣಿಸಬಹುದು, ಆದ್ದರಿಂದ ಅದಕ್ಕೆ ಬಹುವಚನವಿದೆ. ಶಾಂತಿಯ ಪೀಸ್‌ಗೆ ಸಾಮಾನ್ಯ ಬಳಕೆಯಲ್ಲಿ ಬಹುವಚನವಿಲ್ಲ. ಉಕ್ತಲೇಖನದಲ್ಲಿ ಎರಡನ್ನೂ ಒಂದೇ ವಾಕ್ಯದಲ್ಲಿ ಕೊಟ್ಟರೆ, ಮಕ್ಕಳು ಅರ್ಥ ಹಿಡಿದು ಬರೆಯುತ್ತಿದ್ದಾರೆಯೇ ಎಂಬುದು ಕೂಡಲೇ ತಿಳಿಯುತ್ತದೆ.

ಆಸಕ್ತಿಯುಳ್ಳವರಿಗೆ ಮಾತ್ರ ಮೂಲವನ್ನು ಹೇಳುತ್ತೇನೆ. ಲ್ಯಾಟಿನ್ನಿನ ‘ಪಾಕ್ಸ್’ ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು ಪೀಸ್ ಆಯಿತು. ಹಣ ಕೊಡುವುದೆಂಬ ಅರ್ಥದ ‘ಪೇ’ ಸಹ ಅದೇ ಬೇರಿನದು, ಏಕೆಂದರೆ ಸಾಲ ಕೊಟ್ಟವನನ್ನು ಸಮಾಧಾನಪಡಿಸುವುದೇ ಅದರ ಹಿಂದಿನ ಅರ್ಥವಾಗಿತ್ತು.