ಎಂ.ಎಸ್ಸಿ. ಭೂವಿಜ್ಞಾನ: ಫೀಲ್ಡ್ ಕಲಿಸಿದ ಪಾಠ

ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ.ಗೆ ಸೇರುವಾಗ ಕಲ್ಲುಗಳ ಹೆಸರು ಗೊತ್ತಿತ್ತು. ಬಂಡೆಯ ಮುಂದೆ ನಿಂತು ಇದು ಹೇಗಾಯಿತು ಎಂದು ಹೇಳುವ ಧೈರ್ಯ ಬಂದದ್ದು ಫೀಲ್ಡಿಗೆ ಹೋದ ಮೇಲೆ.

ಚಿತ್ರದುರ್ಗ ಜಿಲ್ಲೆಯ ಮಾರಡಿಹಳ್ಳಿಯಲ್ಲಿ ದಿಂಬಿನಾಕಾರದ ಲಾವಾ ಇದೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾದ್ದರಿಂದ ಅಲ್ಲಿ ಸುತ್ತಿಗೆ ಮುಟ್ಟುವ ಹಾಗಿಲ್ಲ, ಕಣ್ಣೇ ಸಾಧನ. 250 ಕೋಟಿ ವರ್ಷಕ್ಕೂ ಹಿಂದೆ ನೀರಿನಡಿ ಉಕ್ಕಿದ ಲಾವಾ, ತಣ್ಣೀರು ತಾಗಿದ ಕೂಡಲೇ ಹೊರಮೈ ಗಟ್ಟಿಯಾಗಿ ಉಂಡೆ ಉಂಡೆಯಾಗಿದೆ. ಒಂದರ ಮೇಲೊಂದು ಕೂರುವಾಗ ಮೇಲಿನದು ಇನ್ನೂ ಮೆದು. ಅದರ ತಳ ಕೆಳಗಿನ ಎರಡು ಉಂಡೆಗಳ ಸಂದಿಗೆ ಇಳಿದು ಚೂಪಾಗುತ್ತದೆ, ಬೆನ್ನು ಉಬ್ಬಿಕೊಂಡೇ ಇರುತ್ತದೆ. ಮುಂದೆ ಪದರಗಳು ಮಡಿಚಿ ನೆಟ್ಟಗೆ ನಿಂತರೂ, ಚೂಪು ಯಾವ ಕಡೆಗಿದೆಯೋ ಅದೇ ಅಂದಿನ ತಳ. ಇದನ್ನು ಪುಸ್ತಕದಲ್ಲಿ ಓದಿದ್ದೆ. ಬಂಡೆಯ ಮೇಲೆ ನಾನೇ ಗುರುತಿಸಿದಾಗ ಆದ ಸಂತೋಷ ಬೇರೆಯೇ.

ಹಗಲೆಲ್ಲ ಬ್ರಂಟನ್ ದಿಕ್ಸೂಚಿ ಹಿಡಿದು ಸ್ಟ್ರೈಕ್ (ಪದರ ಹಾಯುವ ದಿಕ್ಕು), ಡಿಪ್ (ಅದು ವಾಲಿದ ಕೋನ) ಅಳೆಯುವುದು, ಸಂಜೆ 1:50,000ದ ಟೋಪೋಶೀಟಿನ (ಸ್ಥಳಾಕೃತಿ ನಕ್ಷೆಯ) ಮೇಲೆ ಗೆರೆ ಎಳೆಯುವುದು. ಎರಡು ಕಲ್ಲು ಕೂಡುವ ಜಾಗ ಕಣ್ಣಿಗೆ ಕಂಡಿದ್ದರೆ ಗಟ್ಟಿ ಗೆರೆ, ಮಣ್ಣಿನಡಿ ಇದ್ದೀತೆಂದು ಊಹಿಸಿದ್ದರೆ ತುಂಡು ಗೆರೆ. ಈ ಶಿಸ್ತಿಗಿಂತ ದೊಡ್ಡ ಪಾಠ ನನಗೆ ಆ ಎರಡು ವರ್ಷದಲ್ಲಿ ಸಿಗಲಿಲ್ಲ. ಪ್ರಯೋಗಾಲಯದಲ್ಲಿ 0.03 ಮಿ.ಮೀ. ದಪ್ಪಕ್ಕೆ ಉಜ್ಜಿದ ಕಲ್ಲನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದೂ ಚೆನ್ನ, ಆದರೆ ಆ ಚೂರು ಎಲ್ಲಿಯದು ಎಂಬುದು ನೋಟ್‌ಬುಕ್ಕಿನಲ್ಲಿ ಇಲ್ಲದಿದ್ದರೆ ಪ್ರಯೋಜನವಿಲ್ಲ.

ಹೋದಲ್ಲೆಲ್ಲ ರೈತರದು ಒಂದೇ ಪ್ರಶ್ನೆ: "ಸಾರ್, ಬೋರ್ ಎಲ್ಲಿ ಹೊಡಿಸಿದ್ರೆ ನೀರು ಬರುತ್ತೆ?" ನನ್ನ ಡಿಸರ್ಟೇಶನ್ (ಪ್ರಬಂಧ) ವಿಷಯ ಹುಟ್ಟಿದ್ದು ಅಲ್ಲಿಂದ. ನಮ್ಮ ಬಯಲುಸೀಮೆಯ ಗ್ರಾನೈಟ್, ನೈಸ್‌ಗಳಲ್ಲಿ ನೀರು ನಿಲ್ಲುವುದು ಶಿಥಿಲವಾದ ಮೇಲ್ಪದರದಲ್ಲಿ ಮತ್ತು ಬಿರುಕುಗಳಲ್ಲಿ. ಅಡ್ಡಲಾಗಿ ಹಾಯ್ದ ಡಾಲರೈಟ್ ಡೈಕ್ (ಹಳೆಯ ಕಲ್ಲಿನ ಸೀಳಿಗೆ ಶಿಲಾರಸ ನುಗ್ಗಿ ಗಟ್ಟಿಯಾದ ಕಪ್ಪು ಕಲ್ಲಿನ ಗೋಡೆ), ಬಿರುಕು ಬಿಡದೆ ಗಟ್ಟಿಯಾಗಿದ್ದರೆ, ನೆಲದಡಿಯ ಒಡ್ಡಿನಂತೆ ನೀರನ್ನು ತಡೆಯುತ್ತದೆ. ಅಂಥ ಕಡೆ ಡೈಕಿನ ಮೇಲ್ಬದಿಯ ಹೊಲಕ್ಕೂ ಕೆಳಬದಿಯ ಹೊಲಕ್ಕೂ ಬಾವಿಯ ಮಟ್ಟದಲ್ಲಿ ವ್ಯತ್ಯಾಸ ಬರುತ್ತದೆ. ಬಾವಿಗಳ ಮಟ್ಟ ಅಳೆದು ಡೈಕಿನ ನಕ್ಷೆಯ ಮೇಲೆ ಇಟ್ಟು ನೋಡುವುದೇ ನನ್ನ ಕೆಲಸವಾಗಿತ್ತು.

ಈಗ ಸೇರುವವರಿಗೆ: ಐಐಟಿಗಳಿಗಾದರೆ ಜ್ಯಾಮ್ ಪ್ರವೇಶ ಪರೀಕ್ಷೆ ಬರೆಯಬೇಕು. ಜಿಎಸ್ಐ (ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ), ಕೇಂದ್ರ ಅಂತರ್ಜಲ ಮಂಡಳಿಯ ಹುದ್ದೆಗಳಿಗೆ ಯುಪಿಎಸ್‌ಸಿಯ ಜಿಯೋ-ಸೈಂಟಿಸ್ಟ್ ಪರೀಕ್ಷೆ ಇದೆ, ಅದಕ್ಕೆ ಸ್ನಾತಕೋತ್ತರ ಪದವಿ ಬೇಕೇ ಬೇಕು. ಎಲ್ಲಿಗೆ ಸೇರಿದರೂ ಮೊದಲು ಸೀನಿಯರ್‌ಗಳ ಫೀಲ್ಡ್ ನೋಟ್‌ಬುಕ್ ಕೇಳಿ ನೋಡಿ. ನಕ್ಷೆಯನ್ನು ಅವರೇ ಮಾಡಿದ್ದಾರೆಯೇ ಎಂಬುದು ಅದರಲ್ಲೇ ಗೊತ್ತಾಗುತ್ತದೆ.