ನೆಲದ ಬಿಸಿ, ಗಾಳಿಯ ಬಿಸಿ: ಸಿಂಧನೂರಿನ ಹೊಲದಲ್ಲಿ ನಾನು ಅಳೆದದ್ದು

ಮಾರ್ಚ್ ಕೊನೆಯ ವಾರ. ಸಿಂಧನೂರಿನ ಹತ್ತಿರದ ಒಂದು ಖಾಲಿ ಎರೆ ಹೊಲಕ್ಕೆ ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರದಲ್ಲಿ 47 ಡಿಗ್ರಿ ಬಂತು. ಆ ಹೊಲದ ಬದುವಿನಲ್ಲಿ ನಾನೇ ಇಟ್ಟಿದ್ದ ಥರ್ಮಾಮೀಟರಿನಲ್ಲಿ ಅವತ್ತಿನ ಗರಿಷ್ಠ 39. ಎಂಟು ಡಿಗ್ರಿ ಜಾಸ್ತಿ! ಲೆಕ್ಕ ತಪ್ಪಿರಬೇಕು ಅಂತ ಮತ್ತೆ ಮಾಡಿದೆ. ಚಿತ್ರದ ಒಂದೊಂದು ಚುಕ್ಕಿಯಲ್ಲಿ (ಪಿಕ್ಸೆಲ್) ಇರುವ ಸಂಖ್ಯೆಯನ್ನು 0.00341802ರಿಂದ ಗುಣಿಸಿ 149 ಕೂಡಿದರೆ ಕೆಲ್ವಿನ್, ಅದರಲ್ಲಿ 273.15 ಕಳೆದರೆ ಸೆಲ್ಸಿಯಸ್. ಎಲ್ಲ ಸರಿಯಾಗಿಯೇ ಇತ್ತು.

ತಪ್ಪಿದ್ದು ಹೊತ್ತಿನಲ್ಲಿ. ಉಪಗ್ರಹ ನಮ್ಮ ಮೇಲೆ ಹಾದುಹೋಗುವುದು ಬೆಳಿಗ್ಗೆ ಹತ್ತೂ ನಲವತ್ತರ ಆಸುಪಾಸು. ಗಾಳಿಯ ಗರಿಷ್ಠ ಬರುವುದು ಮಧ್ಯಾಹ್ನದ ಮೇಲೆ. ಹತ್ತೂ ನಲವತ್ತರ ದಾಖಲೆ ತೆಗೆದು ನೋಡಿದರೆ ಬರೀ 34. ತಪ್ಪು ತಿದ್ದಿದ ಮೇಲೆ ಅಂತರ ಹದಿಮೂರಕ್ಕೆ ಏರಿತು.

ಲ್ಯಾಂಡ್‌ಸ್ಯಾಟ್ 8 ಮತ್ತು 9 ಎರಡೂ ಸೇರಿ ಎಂಟು ದಿನಕ್ಕೊಮ್ಮೆ ಬರುತ್ತವೆ. ಮುಂದಿನ ಸರದಿಗೆ ಹೊಲದಲ್ಲೇ ನಿಂತೆ. ಹೊಲದವರು, "ಚಪ್ಪಲಿ ಬಿಟ್ಟು ನಿಂದರ್ರಿ ಸರ, ಗೊತ್ತಾಗ್ತೈತಿ" ಅಂದರು. ನಾಲ್ಕು ಹೆಜ್ಜೆಗೆ ಅಂಗಾಲು ಸುಟ್ಟಿತು. ಬಿರುಕು ಬಿಟ್ಟ ಮಣ್ಣಿಗೆ ಇನ್‌ಫ್ರಾರೆಡ್ ಗನ್ (ಮುಟ್ಟದೆ ಬಿಸಿ ಅಳೆಯುವ ಸಾಧನ) ಹಿಡಿದೆ: 48. ನಾಲ್ಕು ಅಡಿ ಮೇಲೆ, ಥರ್ಮಾಮೀಟರ್ ಇಟ್ಟ ಬಿಳಿ ಪೆಟ್ಟಿಗೆಯ ನೆರಳಿನಲ್ಲಿ 35. ಉಪಗ್ರಹ ನೋಡುವುದು ಆ ಮಣ್ಣಿನ ಮೈಯನ್ನು. ಥರ್ಮಾಮೀಟರ್ ಹೇಳುವುದು ನಾವು ಉಸಿರಾಡುವ ಗಾಳಿಯ ಬಿಸಿಯನ್ನು.

ಕಾಲುವೆಯ ಆಚೆ ತುಂಗಭದ್ರೆಯ ನೀರು ನಿಂತ ಭತ್ತದ ಗದ್ದೆ. ಅಲ್ಲಿ ಚಿತ್ರ 31 ಅಂದಿತು, ಗಾಳಿ 33. ನೆಲವೇ ತಂಪು! ನೀರು ಆವಿಯಾಗುತ್ತಾ ಬಿಸಿಯನ್ನು ಎಳೆದುಕೊಳ್ಳುತ್ತದೆ ಅಲ್ವಾ. ಅವತ್ತಿನಿಂದ ಈ ಅಂತರವನ್ನು ತಪ್ಪು ಅಂತ ಅಳಿಸಲು ಹೋಗಿಲ್ಲ. ಯಾವ ಹೊಲ ಒಣಗುತ್ತಿದೆ ಅಂತ ತಿಳಿಯಲು ಅದನ್ನೇ ನೋಡುತ್ತೇನೆ.

ಅಂಚಿನ ಚುಕ್ಕಿಗಳನ್ನು ಮಾತ್ರ ನಂಬುವುದಿಲ್ಲ. ಫೈಲಿನಲ್ಲಿ ಚುಕ್ಕಿ 30 ಮೀಟರ್ ಇದ್ದರೂ ಬಿಸಿ ಅಳೆಯುವ ಸೆನ್ಸರಿನ ನಿಜವಾದ ಅಳತೆ 100 ಮೀಟರ್. ಬದುವಿನ ಹತ್ತಿರ ಗದ್ದೆ, ರಸ್ತೆ, ತಗಡಿನ ಶೆಡ್ ಎಲ್ಲ ಬೆರೆತುಹೋಗುತ್ತವೆ. ಅದಕ್ಕೇ ಸುತ್ತ ಮುನ್ನೂರು ಮೀಟರ್ ಒಂದೇ ಬಗೆಯ ನೆಲ ಇರುವ ಜಾಗ ಹುಡುಕುತ್ತೇನೆ. ಮೋಡದ ಎಳೆ ಇದ್ದ ದಿನವನ್ನು ಪೂರ್ತಿ ಬಿಡುತ್ತೇನೆ. ಅವತ್ತು ಸಿಗುವುದು ಮೋಡದ ತಂಪು, ಹೊಲದ್ದಲ್ಲ.

ರಾತ್ರಿ ಲೆಕ್ಕಕ್ಕೆ ಅಕ್ವಾ ಎಂಬ ಇನ್ನೊಂದು ಉಪಗ್ರಹದ ಮೋಡಿಸ್ ಸೆನ್ಸರಿನ ಚಿತ್ರ ತೆಗೆದೆ. ಚುಕ್ಕಿ ಒಂದು ಕಿಲೋಮೀಟರಿನದು, ಹೊತ್ತು ನಡುರಾತ್ರಿ ಒಂದೂವರೆ. ಹಗಲು ಕಾಲು ಸುಟ್ಟ ಅದೇ ಎರೆ ನೆಲ ಆಗ ಗಾಳಿಗಿಂತ ಎರಡು ಡಿಗ್ರಿ ತಣ್ಣಗಿತ್ತು.